ಹಗ್ಗದ ಇನ್ನೊಂದು ತುದಿ

ನಮ್ಮೂರಲ್ಲಿ ಊಹೆ ಮಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಮಾಡಿದ ಊಹೆಯ ಮೇಲೆ ಕೂರಬೇಕು. ಬೇರೆ ಊರುಗಳಲ್ಲಿ ಜನ ಊಹೆಯನ್ನು ಎಲೆಯಡಿಕೆಯ ಹಾಗೆ ಅಗಿದು, ಉಗಿದು, ಬಾಯಿ ಒರೆಸಿಕೊಂಡು ಮನೆಗೆ ಹೋಗುತ್ತಾರಂತೆ. ಇಲ್ಲಿ ಆ ಆಟ ನಡೆಯುವುದಿಲ್ಲ. "ಹೀಗಿರಬಹುದು" ಅಂತ ಬಾಯಿ ಬಿಟ್ಟವರ ಕೈಗೆ ತಕ್ಷಣ ಒಂದು ಹಿಡಿ ಕತ್ತಾಳೆ ನಾರು ಬರುತ್ತದೆ. ಅದನ್ನು ತೊಡೆಯ ಮೇಲೆ ಹೊಸೆದು ಹಗ್ಗ ಮಾಡಬೇಕು. ಊರ ನಡುವೆ ಎರಡು ಕಂಬಗಳಿವೆ. ಹಗ್ಗದ ಒಂದು ತುದಿ ಈ ಕಂಬಕ್ಕೆ, ಇನ್ನೊಂದು ತುದಿ ಆ ಕಂಬಕ್ಕೆ. ಆಮೇಲೆ "ನನ್ನ ಮಾತು ನಿಜವಾದರೆ ಇಂಥದ್ದು ಆಗಬೇಕು" ಅಂತ ಎಲ್ಲರ ಮುಂದೆ ಹೇಳಿ, ಹಗ್ಗದ ಮೇಲೆ ಕೂತು ಕಾಯಬೇಕು. ಹೇಳಿದ್ದು ಆದರೆ ಹಗ್ಗ ತಾಳುತ್ತದೆ. ಆಗದಿದ್ದರೆ, ತೋಳಿನಷ್ಟು ದಪ್ಪ ಇದ್ದರೂ ಆ ಗಳಿಗೆಗೆ ಪಟ್ಟನೆ ಹರಿಯುತ್ತದೆ. ಕೆಳಗೆ ಕೆಸರು.

ಆ ಕೆಸರು ಕಾಯುವವನು ನಾನು. ಮೂಗು ಮುರಿಯಬೇಡಿ, ಸಣ್ಣ ಕೆಲಸವಲ್ಲ ಅದು. ದಿನಾ ಬೆಳಿಗ್ಗೆ ಬಾವಿಯಿಂದ ಹದಿನಾರು ಕೊಡ ನೀರು ತಂದು ಹುಯ್ಯಬೇಕು, ಕಲ್ಲು ಆರಿಸಬೇಕು, ಬೆಣ್ಣೆಯಂತಾಗುವವರೆಗೆ ತುಳಿಯಬೇಕು. ಯಾರಾದರೂ ಬಿದ್ದರೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ, ನಾನು ಒಂದು ಚೂರು ಬೆಲ್ಲ ಕೊಡುತ್ತೇನೆ. ನಾನೇ ಹನ್ನೊಂದು ಸಲ ಬಿದ್ದಿದ್ದೇನೆ. ನಾಯಿಗಳು ಊಳಿಡುವುದು ಹಲ್ಲುನೋವಿಗೆ ಅನ್ನುವುದು ನನ್ನ ಊಹೆಗಳಲ್ಲೆಲ್ಲ ಚೆಂದದ್ದು. ಊರ ನಾಯಿಗಳಿಗೆಲ್ಲ ಲವಂಗ ಹಚ್ಚಿ ಹಗ್ಗದ ಮೇಲೆ ಕೂತೆ, ಕೂತ ಮರುಗಳಿಗೆ ಹನ್ನೆರಡೂ ನಾಯಿ ಒಟ್ಟಿಗೆ ಊಳಿಟ್ಟವು. ಆ ಬೆಲ್ಲದ ರುಚಿ ನನಗೆ ಇನ್ನೂ ನೆನಪಿದೆ.

ತಾಳಿದ ಹಗ್ಗಕ್ಕೂ ಸುಮ್ಮನೆ ಬಿಡುಗಡೆ ಇಲ್ಲ. ಇದು ಹರಿಯಲಪ್ಪಾ ಅಂತ ಮನಸಾರೆ ಬಯಸುವವರು ಊರಲ್ಲಿ ಒಬ್ಬರಾದರೂ ಇರುತ್ತಾರಲ್ಲ, ಅವರನ್ನು ಕರೆದು ಕೂರಿಸುತ್ತೇವೆ. ಅವರು ಹೊಟ್ಟೆ ಬಿರಿಯ ಉಂಡು, ಮಡಿಲಲ್ಲಿ ಕಲ್ಲು ಕಟ್ಟಿಕೊಂಡು ಬಂದು, ಕೂತಲ್ಲೇ ಕುಪ್ಪಳಿಸುತ್ತಾರೆ. ಅದಕ್ಕೂ ಹರಿಯದ ಹಗ್ಗ ಹೊರಸಿನ ಮನೆಗೆ ಹೋಗುತ್ತದೆ.

ಹೊರಸು ಅಂದರೆ ಹಗ್ಗದಲ್ಲಿ ನೇಯ್ದ ದೊಡ್ಡ ಮಂಚ. ಓದಿದವರು ಸಿದ್ಧಾಂತ ಅಂತಾರೆ, ನಾವು ಹೊರಸು ಅಂತೀವಿ. ಅಜ್ಜಂದಿರ ಕಾಲದಿಂದ ತಾಳಿದ ಹಗ್ಗಗಳನ್ನೆಲ್ಲ ಅಡ್ಡ ಉದ್ದ ಹೆಣೆದದ್ದು ಅದು. ಊರಿಗೆ ಊರೇ ಅದರ ಮೇಲೆ ಮಲಗುತ್ತದೆ, ಬಿತ್ತುವ ದಿನ ಕೇಳುತ್ತದೆ, ಬಾಣಂತಿಗೆ ಏನು ಉಣಿಸಬೇಕು ಅಂತ ಕೇಳುತ್ತದೆ. ಅದನ್ನು ನೇಯುವವಳು ಹೊರಸಿನಜ್ಜಿ. ಪರವೂರಿನವರು ಬಂದು "ಅಯ್ಯೋ, ಇದು ಬರೀ ಹೊರಸು ತಾನೆ" ಅಂದರೆ ಅಜ್ಜಿ ಅವರನ್ನು ಒಂದು ರಾತ್ರಿ ನೆಲದ ಮೇಲೆ ಮಲಗಿಸಿ ಕಳಿಸುತ್ತಾಳೆ.

ನಮ್ಮವರಲ್ಲಿ ಒಂದು ತಪ್ಪು ನಂಬಿಕೆ ಇತ್ತು. ಕರು ದೊಡ್ಡದಾಗಿ ಹಸು ಆಗುವ ಹಾಗೆ ಹಗ್ಗ ದೊಡ್ಡದಾಗಿ ಹೊರಸು ಆಗುತ್ತದೆ ಅಂತ. ಅದಕ್ಕೇ ತಮ್ಮ ತಮ್ಮ ಹಗ್ಗಗಳಿಗೆ ಎಣ್ಣೆ ಸವರಿ, ಅರಿಸಿನ ಹಚ್ಚಿ, ವರ್ಷ ಎಷ್ಟಾಯಿತು ಅಂತ ಎಣಿಸುತ್ತಿದ್ದರು. ನಾನೂ ಎಣಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಇಂಥ ಊರಿಗೆ ಬಣ್ಣಗಾರರ ಊರಿಂದ ಒಬ್ಬಳು ಸೊಸೆಯಾಗಿ ಬಂದಳು. ಚಿಕ್ಕಂದಿನಿಂದ ನೀಲಿ ತೊಟ್ಟಿಯಲ್ಲಿ ಕೈ ಅದ್ದಿದವಳು, ಮೊಣಕೈವರೆಗೆ ನೀಲಿ. ಉಗುರು ನೀಲಿ. ಅವಳು ಬಂದ ಒಂಬತ್ತನೇ ದಿನ ಮಧ್ಯಾಹ್ನ ಊರ ಮೆಟ್ಟಿಲುಬಾವಿ ಗಳಗಳ ಅಂತ ಸದ್ದು ಮಾಡಿ, ನೋಡನೋಡುತ್ತ ಬರಿದಾಯಿತು. ಮೀನುಗಳು ತಳದಲ್ಲಿ ಪಟಪಟ ಬಡಿದುಕೊಂಡವು. ಮತ್ತೆ ಹನಿಹನಿಯಾಗಿ ತುಂಬಲು ಹತ್ತು ದಿನ ಬೇಕಾಯಿತು. ತುಂಬಿತು, ಮತ್ತೆ ಬರಿದಾಯಿತು. ನಾವು ಹುಟ್ಟಿದಾರಭ್ಯ ಹೀಗೆ ಆದದ್ದಿಲ್ಲ.

ಊರ ಯಜಮಾನರು ಒಡನೆಯೇ ಊಹೆ ಮಾಡಿದರು. ನೀಲಿ ಕೈಯವಳ ನೆರಳು ಬಿದ್ದರೆ ಬಾವಿ ಬರಿದಾಗುತ್ತದೆ. ಹಗ್ಗ ಹೊಸೆದರು, ಒಳ್ಳೆಯ ದಪ್ಪ ಹಗ್ಗ. ಒಂದು ತುದಿ ಕಂಬಕ್ಕೆ ಕಟ್ಟಿದರು. ಇನ್ನೊಂದು ತುದಿ ತಾವೇ ಕೈಯಲ್ಲಿ ಹಿಡಿದುಕೊಂಡರು. ಯಜಮಾನರಲ್ಲವೇ, ಕಂಬದಷ್ಟೇ ಗಟ್ಟಿ ಅಂತ ಯಾರೂ ಏನೂ ಅನ್ನಲಿಲ್ಲ.

ಸೊಸೆಯನ್ನು ಬಾವಿಯ ಕಡೆ ಬಿಡಲಿಲ್ಲ. ಆದರೂ ಬಾವಿ ಬರಿದಾಯಿತು. ಯಜಮಾನರ ಬದಲು ಹಗ್ಗದ ಮೇಲೆ ಕೂತಿದ್ದವನು ಇನ್ನೇನು ಬೀಳಬೇಕು, ಯಜಮಾನರು ಕೈ ಸಡಿಲಿಸಿದರು. ಹಗ್ಗ ಮೆಲ್ಲಗೆ ಜೋತುಬಿತ್ತು, ಕೂತವನು ನೆಲಕ್ಕೆ ಕಾಲೂರಿ ಎದ್ದುನಿಂತ. "ನೆರಳು ಬೀಳದಿದ್ದರೂ ಬಳೆ ಸದ್ದು ಬಾವಿಗೆ ಕೇಳಿಸಿರಬೇಕು" ಅಂದರು ಯಜಮಾನರು. ಮುಂದಿನ ಸಲ ಬಳೆ ಬಿಚ್ಚಿಸಿದರು. ಬಾವಿ ಬರಿದಾಯಿತು. ಮತ್ತೆ ಕೈ ಸಡಿಲ. "ಅವಳು ಬಾವಿಯನ್ನು ನೆನೆಸಿಕೊಂಡಿರಬೇಕು." ಹೀಗೆ ಒಂಬತ್ತು ಜನ ಕೂತರು, ಒಂಬತ್ತು ಜನವೂ ಮೆಲ್ಲಗೆ ನೆಲ ಮುಟ್ಟಿದರು. ಹಗ್ಗ ಹರಿಯಲೇ ಇಲ್ಲ. ಯಜಮಾನರ ಎದೆ ಉಬ್ಬಿತು. "ಒಂಬತ್ತು ಜನ ಕೂತರೂ ಹರಿಯದ ಹಗ್ಗ ಈ ಊರಲ್ಲಿ ಬೇರೆ ಯಾವುದಿದೆ ತೋರಿಸಿ" ಅಂತ ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು.

ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕುಡಿಯಲು ನೀರಿಲ್ಲದಾಗ ಕೆಸರಿಗೆ ಯಾಕೆ ಅಂತ ಅವರು ನನ್ನ ಹದಿನಾರು ಕೊಡಕ್ಕೆ ಕತ್ತರಿ ಹಾಕಿದರು. ಕೆಸರು ಒಣಗಿ ಬಿರುಕು ಬಿಟ್ಟು ಬಂಡೆಯಂತಾಯಿತು. ಮೊದಲ ವಾರ ಒಬ್ಬನ ಸೊಂಟ ಉಳುಕಿತು. ಎರಡನೇ ವಾರ ಯಾರೂ ಊಹೆ ಮಾಡಲಿಲ್ಲ. ಬಾಯಿತುದಿಗೆ ಬಂದದ್ದನ್ನೂ ನುಂಗಿಕೊಂಡು ಮನೆಗೆ ಹೋಗತೊಡಗಿದರು. ಊರಲ್ಲಿ ಉಳಿದದ್ದು ಒಂದೇ ಹಗ್ಗ, ಯಜಮಾನರದ್ದು.

ಆಗ ಯಜಮಾನರು ಸಾರಿದರು. ಮುಂದಿನ ಸಲ ಬಾವಿ ಬರಿದಾದ ದಿನವೇ ತಮ್ಮ ಹಗ್ಗವನ್ನು ಹೊರಸು ಅಂತ ಘೋಷಿಸುವುದು, ಅಂದೇ ಸೊಸೆಯನ್ನು ಊರ ಗಡಿ ದಾಟಿಸುವುದು. ಹೊರಸು ಹೇಳಿದ್ದನ್ನು ಮೀರುವವರು ನಮ್ಮೂರಲ್ಲಿಲ್ಲ. ಗಂಡ ಒಳ್ಳೆಯವನೇ, ಆದರೆ ಬಾಯಿಲ್ಲದವನು. ಅತ್ತೆ ಮಾತ್ರ ಬಾಯಿರುವವಳು. "ನಿನ್ನಿಂದ ನನ್ನ ಮನೆಯ ಮರ್ಯಾದೆ ಬೀದಿಗೆ ಬಂತು" ಅಂದು, ಸೊಸೆಯ ಸೀರೆಗಳನ್ನು ಗಂಟು ಕಟ್ಟಿ ಹೊಸಿಲ ಬಳಿ ಇಟ್ಟಳು. ದಿನಾ ಕಸ ಗುಡಿಸುವಾಗ ಆ ಗಂಟನ್ನು ಎತ್ತಿ, ಗುಡಿಸಿ, ಅಲ್ಲೇ ಇಡುತ್ತಿದ್ದಳು.

ಸೊಸೆ ಅಳಲಿಲ್ಲ. ನನ್ನ ಹತ್ತಿರ ಬಂದು ನಾರು ಕೇಳಿದಳು. ಯಾರೋ ಕದ್ದು ನೀರು ಸೇದುತ್ತಿರಬಹುದು ಅಂತ ಹಗ್ಗ ಹೊಸೆದು ಎರಡು ಕಂಬಕ್ಕೂ ಕಟ್ಟಿದಳು. ರಾತ್ರಿ ಬಾವಿಯ ಸುತ್ತ ನಾನೇ ಬೂದಿ ಚೆಲ್ಲಿ ಬೆಳಿಗ್ಗೆ ನೋಡಿದರೆ ಒಂದು ಹೆಜ್ಜೆಯೂ ಇಲ್ಲ. ಬಿದ್ದಳು, ಮೊಣಕೈ ಕಿತ್ತುಬಂತು. ಬಾವಿ ಪಕ್ಕದ ಆಲದ ಬೇರು ಹೀರುತ್ತಿರಬಹುದು ಅಂತ ಇನ್ನೊಂದು ಹೊಸೆದಳು. ಅಗೆದು ನೋಡಿದರೆ ಬೇರು ನನ್ನ ಕೆಸರಿಗಿಂತ ಒಣಗಿತ್ತು. ಮತ್ತೆ ಬಿದ್ದಳು. ಚಪ್ಪಾಳೆ ತಟ್ಟಲು ನಾನೊಬ್ಬನೇ ಇದ್ದೆ, ಬೆಲ್ಲವನ್ನು ಎರಡು ಚೂರು ಕೊಟ್ಟೆ.

ಕುಂಟುತ್ತ ಅವಳು ಹೊರಸಿನ ಮನೆಗೆ ಹೋದಳು. ಒಣ ಕೆಸರಿಗೆ ಕಾವಲೇನು ಬೇಕು ಅಂತ ನಾನೂ ಹಿಂದೆ ಹೋಗಿ ಬಾಗಿಲಲ್ಲಿ ಕೂತೆ. ಆ ಎರಡು ಊಹೆ ಎಲ್ಲಿಂದ ತಂದೆ ಅಂತ ಅಜ್ಜಿ ಕೇಳಿದಳು. ಹೆದರಿಕೆಯಿಂದ ಅಂದಳು ಸೊಸೆ.

"ಅದೇನೂ ತಪ್ಪಲ್ಲ ಮಗಳೇ. ಊಹೆ ಎಲ್ಲಿಂದ ಬಂತು ಅಂತ ಕಂಬ ಕೇಳುವುದಿಲ್ಲ" ಅಂದಳು ಅಜ್ಜಿ. "ಆದರೆ ನಿನಗೆ ಹೊತ್ತು ಕಡಿಮೆ. ಇದರ ಮೇಲೆ ಮಲಗು. ಬೆನ್ನು ಎಲ್ಲಿ ಕೆಳಗೆ ಇಳಿಯುತ್ತದೆ ನೋಡು. ಅಲ್ಲಿಗೆ ಬೇಕಾದ ಹಗ್ಗ ಹೊಸೆ."

ಸೊಸೆ ಮಲಗಿದಳು. ಅಜ್ಜಿ ಒಂದೊಂದೇ ಹಗ್ಗವನ್ನು ಮುಟ್ಟಿ ಹೇಳುತ್ತ ಹೋದಳು. ಇಲ್ಲಿ ಇಲ್ಲವಾದದ್ದು ಇನ್ನೆಲ್ಲೋ ಇದ್ದೇ ಇರುತ್ತದೆ, ಇದು ನನ್ನಜ್ಜಿಯ ಹಗ್ಗ. ನೀರು ತಗ್ಗಿಗೆ ಹರಿಯುತ್ತದೆ, ಇದು ಕುರುಬರವನದು. ನೀರು ತಾನಾಗಿ ಮೇಲೇರುವುದಿಲ್ಲ, ಇದು ಕುಂಬಾರಗಿತ್ತಿಯದು. ಸೊಸೆ ಮಗ್ಗುಲು ಬದಲಿಸಿದಳು. ಕುಂಬಾರಗಿತ್ತಿಯ ಹಗ್ಗದ ಪಕ್ಕದಲ್ಲಿ ಅವಳ ಬೆನ್ನು ಇಳಿಯಿತು. ತುಂಬುವಾಗ ನಿಧಾನ, ಹೋಗುವಾಗ ಒಮ್ಮೆಲೇ, ಅಂಥ ನೀರಿಗೆ ಅಲ್ಲಿ ಹಗ್ಗವೇ ಇರಲಿಲ್ಲ. ಅಂಥ ನೀರನ್ನು ಯಾರೂ ಕಂಡಿರಲಿಲ್ಲ.

ಸೊಸೆ ಫಕ್ಕನೆ ನಕ್ಕಳು. ನನಗೆ ಗಾಬರಿಯಾಯಿತು. ತವರಿನಲ್ಲಿ ನೀಲಿ ತೊಟ್ಟಿಯ ತಿಳಿನೀರು ತೆಗೆಯುವಾಗ ತೊಟ್ಟಿ ಬಗ್ಗಿಸುವುದಿಲ್ಲವಂತೆ, ಬಗ್ಗಿಸಿದರೆ ತಳದ ಗಷ್ಟು ಕದಡುತ್ತದೆ. ಕುಂಬಳದ ಎಲೆಯ ಟೊಳ್ಳು ದಂಟನ್ನು ಬಗ್ಗಿಸಿ, ಒಂದು ತುದಿ ತೊಟ್ಟಿಯಲ್ಲಿ, ಒಂದು ತುದಿ ಹೊರಗೆ ತಗ್ಗಿನಲ್ಲಿ ಇಡುತ್ತಾರೆ. ದಂಟಿನ ಬಾಗು ತುಂಬಿ ಒಂದು ಸಲ ಹರಿಯತೊಡಗಿದರೆ ಸಾಕು, ನೀರು ಅಂಚು ಏರಿ ಇಳಿದು, ಒಳತುದಿಯವರೆಗೆ ಬರಿದಾಗದೆ ನಿಲ್ಲುವುದಿಲ್ಲ. ಬಾವಿಯ ಗೋಡೆಯೊಳಗೆ ಕಲ್ಲಿನದೊಂದು ಬಾಗಿದ ದಂಟು ಇರಬಹುದು ಅಂದಳು. ನೀರು ಅದರ ಬಾಗಿನಷ್ಟು ಏರಿದ ಗಳಿಗೆಗೆ ಎಲ್ಲವೂ ಹೊರಟುಹೋಗುತ್ತಿರಬಹುದು.

"ಹಾಗಿದ್ದರೆ ನಾನು ಹುಡುಗಿಯಾಗಿದ್ದಾಗ ನೀರು ಯಾಕೆ ಹೋಗಲಿಲ್ಲ?" ಅಂದಳು ಅಜ್ಜಿ. ತಾನೇ ಉತ್ತರವನ್ನೂ ಹುಡುಕಿದಳು. ಒಂಬತ್ತನೇ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಕಲ್ಲಿನ ಮೀನೊಂದಿದೆ. ಆಗೆಲ್ಲ ಆ ಮೀನು ಒದ್ದೆಯಾದದ್ದೇ ಇಲ್ಲ. ಹೆಚ್ಚಾದ ನೀರು ಮೀನಿನ ಕೆಳಗಿನ ಹಳೆಯ ಕಂಡಿಯಿಂದ ಹೊರಗೆ ಹರಿದುಹೋಗುತ್ತಿತ್ತು. ಆ ಕಂಡಿಯ ಹೊರಬಾಯಿ ಈಗ ಎಲ್ಲಿ? ನನಗೆ ಥಟ್ಟನೆ ಹೊಳೆಯಿತು. ಸೊಸೆ ಬರುವ ಮೊದಲಿನ ತಿಂಗಳು ಯಜಮಾನರು ದಾರಿಹೋಕರು ಕೂರಲಿ ಅಂತ ತಮ್ಮ ಹೆಸರು ಕೆತ್ತಿಸಿದ ಕಲ್ಲುಬೆಂಚು ಹಾಕಿಸಿದ್ದರಲ್ಲ, ಸರಿಯಾಗಿ ಅದರ ಮೇಲೇ ಹಾಕಿಸಿದ್ದರು. ಹೊರಗೆ ಹರಿಯಲಾಗದ ನೀರು ಮೀನಿನವರೆಗೆ ಏರುತ್ತಿತ್ತು.

ಮೂರನೇ ಹಗ್ಗ ಹೊಸೆಯುವಾಗ ಸೊಸೆ ಆತುರಪಡಲಿಲ್ಲ. ಮೊದಲು ನನ್ನನ್ನು ಬಾವಿಗೆ ಇಳಿಸಿ ನೋಡಿಸಿದಳು, ಮೀನಿನ ಮೇಲೆ ನೀರಿನ ಗುರುತು ಕಣ್ಣಿನವರೆಗೆ ಮಾತ್ರ ಇತ್ತು. ಅಜ್ಜಿ ಊರನ್ನು ಕರೆದಳು. ಈ ಸಲ ಎರಡು ಹಗ್ಗ ಅಕ್ಕಪಕ್ಕ ಇರಲಿ, ಎರಡರ ತುದಿಯೂ ಕಂಬಕ್ಕೇ ಅಂದಳು. ಯಜಮಾನರು ಮುಖ ಹುಳ್ಳಗೆ ಮಾಡಿ, ತಮ್ಮ ಹಗ್ಗ ಒಂಬತ್ತು ಜನರನ್ನು ಕಂಡಿದೆ ಅಂದರು.

ಅಜ್ಜಿ ಅವರ ಕೈಯಲ್ಲಿದ್ದ ತುದಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಹರಿಯಲಿಲ್ಲ ಅಂತ ಹೇಳಬೇಡಪ್ಪಾ. ಏನಾದರೆ ಹರಿಯುತ್ತದೆ, ಅದನ್ನು ಹೇಳು."

ಯಜಮಾನರು ತಲೆ ಕೆರೆದುಕೊಂಡರು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಅದನ್ನು ಕೇಳಿರಲಿಲ್ಲ. ಊರೆಲ್ಲ ನೋಡುತ್ತಿತ್ತು, ಹಿಂದೆ ಸರಿಯುವಂತಿರಲಿಲ್ಲ. ಸೊಸೆಯನ್ನು ಹೊರಸಿನ ಮನೆಯಲ್ಲಿ ಕೂಡಿಹಾಕಿ, ಕಿಟಕಿ ಮುಚ್ಚಿ, ಬಳೆ ತೆಗೆಸಿ, ಕಿವಿಗೆ ಹತ್ತಿ ಇಟ್ಟರೆ ಬಾವಿ ಬರಿದಾಗಕೂಡದು, ಬರಿದಾದರೆ ತಮ್ಮ ಹಗ್ಗ ಹರಿಯಲಿ ಅಂದರು. ಅಜ್ಜಿ ಎರಡು ಗಂಟು ಹಾಕಿ ಬಿಗಿದಳು. ಸೊಸೆ ತನ್ನ ಮಾತು ಹೇಳಿದಳು. ಮೀನಿನ ಕಣ್ಣು ಒದ್ದೆಯಾಗುವವರೆಗೆ ಬಾವಿ ಬರಿದಾಗಕೂಡದು, ಒದ್ದೆಯಾದ ಗಳಿಗೆಗೆ ಬರಿದಾಗಬೇಕು. ನೀರಿಗೆ ಹಾಕಿದ ನೀಲಿ ಊರ ತಗ್ಗಿನಲ್ಲಿ ಎಲ್ಲಾದರೂ ಕಾಣಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಗಂಟು ಎತ್ತಿಕೊಂಡು ತಾನೇ ಹೊರಡುತ್ತೇನೆ. ನೀಲಿಯ ಉಂಡೆಯನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಬಾಗಿಲು ಹಾಕಿದರು.

ಒಳಗಿರುವವಳು ಬಂದು ಕೂರುವಂತಿಲ್ಲ. ಅವಳ ಹಗ್ಗದ ಮೇಲೆ ಯಾರು ಕೂರಬೇಕು? ಅದು ಹರಿಯಲಿ ಅಂತ ಬಯಸುವವರೇ ಕೂರಬೇಕು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

ಬಾವಿ ತುಂಬಬೇಕಿದ್ದ ದಿನ ಬೆಳಿಗ್ಗೆ ನಾನು ಅಪ್ಪಣೆ ಮೀರಿದೆ. ಹದಿನಾರು ಕೊಡ ನೀರು ತಂದು ಎರಡು ಹಗ್ಗದ ಕೆಳಗೂ ಹುಯ್ದು ತುಳಿದೆ. ಯಜಮಾನರ ಹಗ್ಗದ ಕೆಳಗೆ ಹುಯ್ಯುವಾಗ ಒಂದು ಗಳಿಗೆ ಕೈ ತಡೆಯಿತು, ನಿಜ. ಆದರೂ ಹುಯ್ದೆ. ಬೀಳುವವರು ಯಾರಾದರೇನು, ಕೆಸರು ಮೆತ್ತಗಿರಬೇಕು.

ಅತ್ತೆ ಐದು ಮುದ್ದೆ ಉಂಡು, ಮಡಿಲಲ್ಲಿ ರುಬ್ಬುವ ಗುಂಡು ಇಟ್ಟುಕೊಂಡು ಬಂದು ಧಡಕ್ಕನೆ ಕೂತಳು. ಪಕ್ಕದ ಹಗ್ಗದ ಮೇಲೆ ಯಜಮಾನರು. ಘೋಷಣೆಗೆ ಅಂತ ಮಡಿವಾಳನಿಗೆ ಕೊಟ್ಟಿದ್ದ ಬಿಳಿ ಪೇಟ ಇನ್ನೂ ಬಂದಿಲ್ಲ ಅಂತ ಬೋಳುತಲೆ ಸವರಿಕೊಳ್ಳುತ್ತಿದ್ದರು. ನಾನು ನೀಲಿಯನ್ನು ಬಾವಿಗೆ ಹಾಕಿ ಒಂಬತ್ತನೇ ಮೆಟ್ಟಿಲ ಮೇಲೆ ಕೂತೆ. ನೀರು ಮೀನಿನ ಬಾಲ ಮುಟ್ಟಿತು. ಬಾಲ ಅಂತ ಕೂಗಿದೆ. ಹೊಟ್ಟೆ ಅಂತ ಕೂಗಿದೆ. ಅತ್ತೆ ಪ್ರತಿ ಕೂಗಿಗೂ ಒಂದೊಂದು ಸಲ ಕುಪ್ಪಳಿಸಿದಳು. ಕಿವಿರಿನ ಹತ್ತಿರ ನೀರು ಬಂದಾಗ ಕೂಗುವುದನ್ನೂ ಮರೆತು ಬಗ್ಗಿ ನೋಡಿದೆ. ಆ ಹುಡುಗಿ ಹೋಗುವುದು ನನಗೆ ಬೇಕಿರಲಿಲ್ಲ. ಕಲ್ಲಿನ ಕಣ್ಣಿನ ಕೆಳರೆಪ್ಪೆ ಒದ್ದೆಯಾಯಿತು, ಆಮೇಲೆ ಇಡೀ ಕಣ್ಣು.

ಗಳಗಳ ಅಂತು ಬಾವಿ. ನೀಲಿ ನೀರು ತಿರುಗಿ ತಿರುಗಿ ಇಳಿಯಿತು. ಅತ್ತ ಕಂಬದ ಕಡೆಯಿಂದ ಪಟ್ಟನೆ ಒಂದು ಸದ್ದು, ಹಿಂದೆಯೇ ಕೆಸರಿನ ಸದ್ದು. ನಾನು ಓಡಿಬಂದು ನೋಡಿದರೆ ಯಜಮಾನರು ಸೊಂಟದವರೆಗೆ ಕೆಸರಿನಲ್ಲಿ ಕೂತಿದ್ದರು. ಅತ್ತೆ ಹಗ್ಗದ ಮೇಲೆ ಕೂತೇ ಇದ್ದಳು. ನೀಲಿ ಎಲ್ಲೂ ಕಂಡಿಲ್ಲವಲ್ಲ ಅಂತ ಯಾರೋ ಅಂದರು. ಎಲ್ಲರೂ ಅತ್ತೆ ಕೂತಿದ್ದ ಹಗ್ಗವನ್ನೇ ನೋಡಿದರು. ಅದು ಕಿರ್ ಅಂತ ನರಳಿತು. ಅತ್ತೆ ಕುಪ್ಪಳಿಸುವುದನ್ನು ನಿಲ್ಲಿಸಿದಳು. ಆಮೇಲೆ ನಾನು ಕಣ್ಣಾರೆ ನೋಡಿದೆ, ಅವಳು ಮಡಿಲಿನ ಗುಂಡನ್ನು ಮೆಲ್ಲಗೆ ಎತ್ತಿ ಕೆಳಗೆ ಹಾಕಿದಳು.

ಅಷ್ಟರಲ್ಲಿ ತಗ್ಗಿನ ಹೊಂಡದಿಂದ ಮಡಿವಾಳ ಓಡಿಬಂದ. ಹತ್ತು ದಿನಕ್ಕೊಮ್ಮೆ ತನ್ನ ಹೊಂಡಕ್ಕೆ ಎಲ್ಲಿಂದಲೋ ಪುಕ್ಕಟೆ ನೀರು ಬರುತ್ತಿತ್ತು, ಹೇಳಿದರೆ ನಿಂತೀತು ಅಂತ ಬಾಯಿ ಮುಚ್ಚಿಕೊಂಡಿದ್ದೆ, ಆದರೆ ಇವತ್ತು ಬಂದ ನೀರು ಹೀಗೆ ಮಾಡಿತು ಅಂತ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದ. ಅದು ಯಜಮಾನರ ಪೇಟ. ತುದಿಯಿಂದ ತುದಿಗೆ ನೀಲಿ.

ಊರೆಲ್ಲ ಚಪ್ಪಾಳೆ ತಟ್ಟಿತು. ಬಿದ್ದವರಿಗೆ ತಟ್ಟುವ ಚಪ್ಪಾಳೆ ಅದು, ಆದರೆ ಯಜಮಾನರು ಹುಟ್ಟಿದಾಗಿನಿಂದ ಬಿದ್ದವರಲ್ಲ, ಅವರಿಗೆ ಅದು ಗೊತ್ತಾಗಲಿಲ್ಲ. ಬೈಯುತ್ತಿದ್ದಾರೆ ಅಂದುಕೊಂಡು ತಲೆ ತಗ್ಗಿಸಿದರು. ನಾನು ಬೆಲ್ಲ ಕೊಟ್ಟೆ. ತುಂಬ ಹೊತ್ತು ಅದನ್ನು ನೋಡಿ, ಬಾಯಿಗೆ ಹಾಕಿಕೊಂಡರು. ನೀಲಿ ಪೇಟವನ್ನೇ ಸುತ್ತಿಕೊಂಡು ಹೋಗಿ, ನಾಲ್ಕು ಜನರನ್ನು ಕೂಡಿಸಿ, ತಾವೇ ನಿಂತು ಬೆಂಚು ಎತ್ತಿಸಿದರು. ಅತ್ತೆ ಮನೆಗೆ ಹೋಗಿ ಗಂಟು ಬಿಚ್ಚಿ, ಸೀರೆಗಳನ್ನು ಒದರಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಕಸ ಗುಡಿಸಲು ಅಡ್ಡವಾಗುತ್ತಿತ್ತು ಅಂದಳಂತೆ.

ಮರುದಿನ ಜನ ಅರಿಸಿನ ಕುಂಕುಮ ಹಿಡಿದು ಬಂದು, ಸೊಸೆಯ ಹಗ್ಗ ಇಷ್ಟೆಲ್ಲ ತಾಳಿತಲ್ಲ, ಇದನ್ನೇ ಹೊರಸು ಅಂತ ಸಾರೋಣ ಅಂದರು. ಅಜ್ಜಿಗೆ ಸಿಟ್ಟು ಬಂತು.

"ಹಗ್ಗ ಬೆಳೆದು ಹೊರಸು ಆಗುವುದಿಲ್ಲ ಕಣ್ರೋ. ನೂರು ವರ್ಷವಾದರೆ ಅದು ನೂರು ವರ್ಷದ ಹಗ್ಗ. ಅದರ ಮೇಲೆ ಕೂರಬಹುದು, ಮಲಗಲಾರಿರಿ."

ಹಾಗೆಂದು ಕುಂಬಾರಗಿತ್ತಿಯ ಹಗ್ಗವನ್ನು ಸ್ವಲ್ಪ ಸಡಿಲಿಸಿ, ಸೊಸೆಯ ಹಗ್ಗವನ್ನು ಅದರ ಪಕ್ಕದಲ್ಲಿ ಹೆಣೆದು, ಎರಡನ್ನೂ ಸೇರಿಸಿ ಬಿಗಿದಳು. ಹೊರಸಿನ ಆಕಾರ ಅಲ್ಲಿ ಒಂದು ಬೆರಳಷ್ಟು ಬದಲಾಯಿತು. ಹಗ್ಗದ ತುದಿಯನ್ನು ಮಾತ್ರ ಕತ್ತರಿಸಲಿಲ್ಲ, ಯಾರಿಗೆ ಬೇಕಾದರೂ ಎಳೆದು ನೋಡಲು ಸಿಗಲಿ ಅಂತ ಜೋತುಬಿಟ್ಟಳು.

ಒಂದು ವರ್ಷ ಬಾವಿ ತುಂಬಿ ನಿಂತಿತ್ತು. ಮೀನು ಒಣಗಿಯೇ ಇತ್ತು. ಆಮೇಲೆ ಒಂದು ಮಧ್ಯಾಹ್ನ, ನೀರು ಕಂಡಿಗಿಂತ ಎರಡು ಮೊಳ ಕೆಳಗಿದ್ದಾಗ, ಯಾವ ಕಾರಣವೂ ಇಲ್ಲದೆ ಬಾವಿ ಗಳಗಳ ಅಂತ ಬರಿದಾಯಿತು. ನಾನೇ ಕಂಡವನು. ಊರಿಗೆ ಊರೇ ಹೊರಗೆ ಬಂದು ನಿಂತಿತು. ಎಲ್ಲರ ಕಣ್ಣೂ ಅಭ್ಯಾಸದಂತೆ ಸೊಸೆಯ ಮನೆಯ ಕಡೆ ತಿರುಗಿತು.

ಅವಳು ಹೊಸಿಲಲ್ಲಿ ನಿಂತಿದ್ದಳು. ಅವಳ ನೀಲಿ ಕೈ ಬಾಗಿಲ ಮೂಲೆಯಲ್ಲಿ, ಹಿಂದೆ ಗಂಟು ಇರುತ್ತಿದ್ದ ಜಾಗದಲ್ಲಿ ತಡಕಾಡುತ್ತಿತ್ತು. ಅಲ್ಲಿ ಮೊರ ಒಂದು ಬಿಟ್ಟು ಬೇರೇನೂ ಇರಲಿಲ್ಲ. ಬೀದಿಯ ತುದಿಯಿಂದ ಯಜಮಾನರು ಬಂದರು, ತಲೆಗೆ ಅದೇ ನೀಲಿ ಪೇಟ. ಅತ್ತೆ ಒಳಗಿಂದ ಬಂದು ಸೊಸೆಯ ಮುಂದೆ ನಿಂತಳು, ಕೈಯಲ್ಲಿ ರುಬ್ಬುವ ಗುಂಡು.

ಯಜಮಾನರು ಆ ಗುಂಡನ್ನು ನೋಡಿದರು, ಅವಳ ಹಿಂದಿದ್ದ ಸೊಸೆಯನ್ನು ನೋಡಿದರು. ಆಮೇಲೆ ಕೈ ಚಾಚಿದರು.

"ಒಂದು ಹಿಡಿ ನಾರಿದ್ದರೆ ಕೊಡಮ್ಮಾ" ಅಂದರು. "ನನಗೊಂದು ಊಹೆ ಬಂದಿದೆ." ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ನಾಚಿಕೊಂಡು, ಕೆಸರು ಮೆತ್ತಗಿದೆಯಾ ಅಂತ ಕೇಳಿದರು.

ಮೆತ್ತಗಿದೆ ಅಂದೆ.